ಗಡಿಬಿಡಿ ತಿರುಗಿದ ಕಡೆ

ಜೂನ್ 3, ಬೆಳಿಗ್ಗೆ

ಇವತ್ತೂ ಅದೇ ಪಾಡು. ಗೇಟು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಗಡಿಬಿಡಿ ನಾಲ್ಕು ದಿಕ್ಕಿಗೂ ತಿರುಗಿ ಮುಗಿಸಿತು. ಹೆಸರಿಟ್ಟವಳು ಸೊಸೆ. ಎಂಟು ತಿಂಗಳ ಈ ನಾಯಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಬೆಲ್ಟು ನನ್ನ ಕೈಯಲ್ಲಿ. ಸೊಸೆ ಮಗುವನ್ನು ಎದೆಗೆ ಕಟ್ಟಿಕೊಂಡು ಪಕ್ಕದಲ್ಲಿ ನಡೆಯುತ್ತ ನನಗೂ ನಾಯಿಗೂ ಒಟ್ಟಿಗೆ ಪಾಠ ಹೇಳುತ್ತಾಳೆ.

"ಎಳೀಬೇಡಿ ಮಾವ. ಹೆಸರು ಕರೀರಿ. ಮುಖ ನೋಡಿದ್ರೆ ಮೊಟ್ಟೆ ಚೂರು ಕೊಡಿ. ಬೇರೆ ಕಡೆ ನೋಡಿದ್ರೆ ಸುಮ್ನೆ ನಿಂತ್ಕೊಳ್ಳಿ."

ನಿಂತೆ. ಅಂಚೆಯವನು ಬಂದು ಎದುರು ಮನೆಗೆ ಕಾಗದ ಕೊಟ್ಟು ಹೋದ, ಇನ್ನೂ ನಿಂತಿದ್ದೆ. ಜನ್ಮವಿಡೀ ಜೇಬಿನಲ್ಲಿ ಪೆನ್ಸಿಲ್ಲು, ಮೊಳೆ ಇಟ್ಟುಕೊಂಡು ಬದುಕಿದ ಬಡಗಿ ನಾನು. ಈಗ ಬೆಂದ ಮೊಟ್ಟೆ.

ಸಹಿಸಬೇಕು. ಆಗಸ್ಟಿನಲ್ಲಿ ಸೊಸೆಯ ರಜೆ ಮುಗಿದು ಲ್ಯಾಬಿಗೆ ವಾಪಸ್. ಹಗಲೆಲ್ಲ ಮಗುವನ್ನು ನಾನೇ ನೋಡಿಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದೇನೆ. ಮಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸೊಸೆ ಒಪ್ಪಿದಳು, ಆದರೆ ಅಷ್ಟರೊಳಗೆ ನಾಯಿ ಹತೋಟಿಗೆ ಬರಬೇಕು. ಇಲ್ಲದಿದ್ದರೆ ಮಗು ಡೇಕೇರ್‌ಗೆ. ಆ ಡೇಕೇರ್ ನೋಡಿ ಬಂದಿದ್ದೇನೆ. ಗೋಡೆ ತುಂಬ ಚಿತ್ರ, ಒಂದು ಕುರ್ಚಿಯ ಕಾಲೂ ನೆಟ್ಟಗಿಲ್ಲ.

ಜೂನ್ 7

ಇದಕ್ಕೆ ತಲೆಯಲ್ಲಿ ಏನೋ ಸಡಿಲ ಇರಬೇಕು. ಕಾರಣವೇ ಇಲ್ಲದೆ ತಿರುಗುತ್ತದೆ. ಬೆಕ್ಕಿಲ್ಲ, ಸೈಕಲ್ಲಿಲ್ಲ, ಖಾಲಿ ಗೋಡೆ... ಅದನ್ನೇ ಕಿವಿ ನಿಮಿರಿಸಿ ನೋಡುತ್ತದೆ.

ಸೊಸೆ ಏನೋ ಹೇಳಿದಳು. ಇನ್ನೊಮ್ಮೆ ಹೇಳಿಸಿದೆ. ಒಳ್ಳೆಯ ಹುಡುಗಿ, ಆದರೆ ಮಾತು ಬಾಯೊಳಗೇ ಉಳಿಯುತ್ತದೆ. ಈಚೆಗೆ ಮಗನಿಗೂ ಅದೇ ಚಾಳಿ ಅಂಟಿದೆ.

ಜೂನ್ 11

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ಗೋಡೆಯ ಹತ್ತಿರ ಗಡಿಬಿಡಿ ಕಲ್ಲಾಗಿ ನಿಂತಿತು. ತಲೆ ಓರೆ. ಕರೆದೆ, ಮೊಟ್ಟೆ ತೋರಿಸಿದೆ... ಊಹೂಂ. ರೇಗಿ ಎಳೆದೆ.

"ಪಾಪ, ಬಿಡಿ ಮಾವ," ಅಂದಳು ಸೊಸೆ. "ಎಷ್ಟು ಕಿರುಚ್ತಿವೆ ನೋಡಿ. ಅದಕ್ಕೆ ಕಿವಿ ಮುಚ್ಕೊಳ್ಳೋಕಾಗುತ್ತಾ?"

ಯಾವುದು ಕಿರುಚುತ್ತಿದೆ? ಬಗ್ಗಿ ನೋಡಿದೆ. ಒಡೆದ ಪೈಪಿನ ತೂತಿನಲ್ಲಿ ಹಕ್ಕಿಮರಿಗಳು. ಹಳದಿ ಅಂಚಿನ ಬಾಯಿಗಳು, ನನ್ನ ಮುಖದಿಂದ ಒಂದು ಗೇಣು ದೂರ. ತೆರೆಯುತ್ತಿವೆ, ಮುಚ್ಚುತ್ತಿವೆ. ಗಂಟಲು ನಡುಗುತ್ತಿದೆ.

ಸದ್ದಿಲ್ಲ.

"ಹೌದಮ್ಮ, ಎಂಥ ಗಲಾಟೆ," ಅಂದೆ. ನಕ್ಕೆ ಕೂಡ.

ಜೂನ್ 24

ಇಷ್ಟು ದಿನ ಪುಸ್ತಕ ಮುಟ್ಟಲಿಲ್ಲ.

ಯಾರೂ ಇಲ್ಲದಾಗ ಅಲಾರಂ ಗಡಿಯಾರವನ್ನು ಕೋಣೆಯಲ್ಲಿಟ್ಟು ಬಾಗಿಲು ಓರೆ ಮಾಡಿ ಹೊರಗೆ ಕೂತಿದ್ದೆ. ನಾಯಿ ಎದ್ದು ಕೋಣೆಗೆ ಓಡಿತು. ನನಗೆ ಏನೂ ಇಲ್ಲ. ಮರ ಹೆರೆಯುವ ಮೆಷಿನ್ನು ಮೂವತ್ತು ವರ್ಷ ಈ ಕಿವಿಗಳನ್ನೂ ಹೆರೆದಿದೆ. ಗೊತ್ತೇ ಆಗಲಿಲ್ಲ.

ಹೇಳಿದರೆ ಮಗು ಕೈತಪ್ಪುತ್ತದೆ. ಹೇಳುವುದಿಲ್ಲ.

ಆದರೆ ಇನ್ನೊಂದನ್ನು ಬರೆಯಲೇಬೇಕು. ಈಗ ಗಡಿಬಿಡಿ ತಿರುಗಿದಾಗಲೆಲ್ಲ ನಾನೂ ಆ ಕಡೆ ನೋಡುತ್ತೇನೆ. ಒಂದು ಸಲವೂ ಸುಳ್ಳಾಗಿಲ್ಲ. ಮೊನ್ನೆ ಕಾಂಪೌಂಡಿನ ಮೇಲೆ ನೋಡಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅಳಿಲು ಇಳಿಯಿತು. ನಿನ್ನೆ ಖಾಲಿ ರಸ್ತೆಯ ತುದಿ ನೋಡಿತು. ಕಾದೆ. ತಿರುವಿನಲ್ಲಿ ಕುಂಟುತ್ತ ಇನ್ನೊಂದು ನಾಯಿ ಬಂತು. ಇವತ್ತು ಒಣಗಿದ ಎಲೆರಾಶಿ. ಕಾಲಿನಿಂದ ಸರಿಸಿದರೆ ಉಗುರಿನಷ್ಟು ಜೀರುಂಡೆ. ಅಯ್ಯೋ, ಜೀರುಂಡೆಯ ಹೆಜ್ಜೆ ಇದಕ್ಕೆ ಕೇಳಿಸಿತೆ? ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಈ ಬೀದಿ ನನ್ನ ಅಂಗೈಯಷ್ಟು ಗೊತ್ತು ಅಂದುಕೊಂಡಿದ್ದೆ. ನಾನು ಕಂಡದ್ದು ಅದರ ಸಿಪ್ಪೆ.

ತಲೆ ಸಡಿಲ ಯಾರದ್ದು ಅನ್ನುವುದು ತೀರ್ಮಾನವಾಯಿತು.

ಧೈರ್ಯವೂ ಬಂದಿದೆ. ಮಗು ಅತ್ತರೆ ಇದು ತಿರುಗುತ್ತದೆ. ಇದನ್ನು ನೋಡಿಕೊಂಡಿದ್ದರೆ ಸಾಕು.

ಜುಲೈ 9

ಪಾಠ ಹತ್ತಿಬಿಟ್ಟಿದೆ. ಪಕ್ಕದಲ್ಲೇ ಸ್ಕೂಟರ್ ಹೋದರೂ ಗಡಿಬಿಡಿ ನನ್ನ ಮುಖವನ್ನೇ ನೋಡುತ್ತ ನಡೆಯಿತು.

"ನೋಡಿದ್ರಾ ಮಾವ, ಎಷ್ಟು ಜಾಣ ಆಗಿದ್ದಾನೆ," ಅಂದಳು ಸೊಸೆ. ಮಗುವಿನ ಕೈ ಹಿಡಿದು ಚಪ್ಪಾಳೆ ತಟ್ಟಿಸಿದಳು.

ನಾನೂ ಭೇಷ್ ಅಂದೆ. ಬೀದಿ ಒಂದೊಂದೇ ಬಾಗಿಲು ಹಾಕಿಕೊಳ್ಳುತ್ತಿದೆ. ಆದರೆ ನಾಯಿ ಕಲಿಯದಿದ್ದರೆ ಮಗು ಸಿಗುವುದಿಲ್ಲ. ಮೊಟ್ಟೆ ಕೊಟ್ಟೆ.

ಜುಲೈ 16

ಸೊಸೆ ಬ್ಯಾಂಕಿಗೆ ಹೋದಳು. ಮೊದಲ ಸಲ ಮಗುವನ್ನು ನನ್ನ ಮೇಲೆ ಬಿಟ್ಟು. ಮಗು ಒಳಗೆ ಮಲಗಿತ್ತು. ನಾನು ಹಜಾರದಲ್ಲಿ ಕೂತು ಹೊಸ ತೊಟ್ಟಿಲಿನ ಪಟ್ಟಿಗೆ ಉಪ್ಪುಕಾಗದ ತಿಕ್ಕುತ್ತಿದ್ದೆ. ಒಂದು ಕಣ್ಣು ನಾಯಿಯ ಮೇಲೆ. ಅದು ಎದುರು ಕೂತು ನನ್ನ ಮುಖ ನೋಡುತ್ತಿತ್ತು. ಕಿವಿ ಒಮ್ಮೆ ಅದುರಿತು, ಅಷ್ಟೆ. ಕಣ್ಣು ಕದಲಲಿಲ್ಲ. ಎಷ್ಟು ಶಾಂತ ಅಂತ ಖುಷಿಯಾಗಿ ಮೊಟ್ಟೆ ಕೊಟ್ಟೆ. ಮತ್ತೆ ನೋಡಿತು. ಮತ್ತೆ ಕೊಟ್ಟೆ.

ಬಾಗಿಲು ಗೋಡೆಗೆ ಬಡಿಯಿತು. ಸೊಸೆ ನನ್ನನ್ನು ದಾಟಿ ಒಳಗೆ ಓಡಿದಳು. ಮಗುವನ್ನು ಎತ್ತಿಕೊಂಡು ಬಂದಳು. ಅತ್ತೂ ಅತ್ತೂ ಮುಖ ಕೆಂಪಾಗಿ ಮಗು ಬಿಕ್ಕುತ್ತಿತ್ತು.

"ಮೆಟ್ಟಿಲ ಕೆಳಗೇ ಕೇಳಿಸ್ತು ನನಗೆ. ನೀವು ಇಲ್ಲೇ ಕೂತು ನಾಯಿಗೆ ಮೊಟ್ಟೆ ತಿನ್ನಿಸ್ತಿದ್ದೀರಲ್ಲ ಮಾವ?"

ಇದು ಕೇಳಿಸಿತು. ಅವಳು ಕೂಗಿ ಹೇಳಿದಳು.

"ನನಗೆ ಕೇಳಿಸಲ್ಲಮ್ಮ," ಅಂದೆ. "ಆ ಹಕ್ಕಿಮರಿಗಳದ್ದೂ ಕೇಳಿಸಿರ್ಲಿಲ್ಲ. ನಾಯಿ ತಿರುಗುತ್ತೆ ಅಂತ ನಂಬ್ಕೊಂಡಿದ್ದೆ."

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ನನ್ನನ್ನು ನೋಡಿದಳು, ನಾಯಿಯನ್ನು ನೋಡಿದಳು. ನಾಯಿ ನನ್ನ ಮುಖವನ್ನೇ ನೋಡುತ್ತಿತ್ತು, ಕಲಿಸಿದ ಹಾಗೆ.

ಜುಲೈ 17

ಡೇಕೇರ್‌ನ ಫೀಸಿನ ಬಗ್ಗೆ ಮಗ ಫೋನಿನಲ್ಲಿ ಮಾತಾಡುತ್ತಿದ್ದ. ತುಟಿ ನೋಡಿ ತಿಳಿಯಿತು.

ಜುಲೈ 21

ಬೆಳಿಗ್ಗೆ ಸೊಸೆಯೇ ಬೆಲ್ಟು ತಂದು ಕೈಗಿಟ್ಟಳು. ರಸ್ತೆಯಲ್ಲಿ ನನ್ನ ಎದುರಿಗೆ ಬಂದು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ನಾಳೆ ಕಿವಿ ಡಾಕ್ಟರ್ ಹತ್ರ ಹೋಗ್ತೀವಿ. ಇವತ್ತಿಂದ ಪಾಠ ಬೇರೆ. ಇವನು ತಿರುಗಿದ್ರೆ ಮೊಟ್ಟೆ. ತಿರುಗಿ ನಿಮ್ಮ ಮೊಣಕಾಲು ಮುಟ್ಟಿದ್ರೆ ಎರಡು."

"ಡೇಕೇರ್?"

"ಅದನ್ನ ಆಮೇಲೆ ನೋಡೋಣ. ನಾನಿನ್ನೂ ಕೋಪದಲ್ಲಿದ್ದೀನಿ."

ಕೋಪದಲ್ಲಿದ್ದವಳು ಹೀಗೂ ಮಾಡುತ್ತಾಳಾ? ಎಲ್ಲಿಂದ ಬಂದಳೋ ಈ ಹುಡುಗಿ ನಮ್ಮ ಮನೆಗೆ. ಕೈಮುಗಿಯಬೇಕು ಅನ್ನಿಸಿತು. ಮುಗಿದಿದ್ದರೆ ಬೈಯುತ್ತಿದ್ದಳು.

ಜುಲೈ 30

ಎರಡೂ ಕಿವಿಗೆ ಮೆಷಿನ್ನು ಬಂತು. ಕಡಲೆಬೀಜದಷ್ಟಿದೆ.

ಕ್ಲಿನಿಕ್ಕಿನಿಂದ ಹೊರಗೆ ಬಂದರೆ... ಏನಿದು. ನನ್ನ ಚಪ್ಪಲಿಗೇ ಇಷ್ಟು ಸದ್ದಿದೆಯೆ? ಅಂಗಿಯ ತೋಳು ಪಕ್ಕೆಗೆ ಉಜ್ಜುವುದಕ್ಕೂ ಸದ್ದು. ಯಾರೋ ಬೀಗದ ಕೈ ಗೊಂಚಲು ಅಲ್ಲಾಡಿಸಿದರು, ಬೆಚ್ಚಿಬಿದ್ದೆ. ಕೆಲವು ದನಿ ತಗಡು ಕೆರೆದ ಹಾಗಿದೆ. ಅಭ್ಯಾಸ ಆಗಬೇಕಂತೆ. ನನಗೆ ಅಭ್ಯಾಸವಾಗುವುದೇ ಬೇಡ.

ಸಂಜೆ ನಾನು, ಸೊಸೆ, ಮಗು ಮೂವರೂ ನಾಯಿಯ ಹಿಂದೆ ಹೋದೆವು. ಪೈಪಿನ ತೂತು ಖಾಲಿ. ಹಾರಿಹೋಗಿವೆ. ಗಡಿಬಿಡಿ ಪೊದೆಯತ್ತ ತಿರುಗಿ ಮೂಗಿನಿಂದ ಮೊಣಕಾಲು ಮುಟ್ಟಿತು. ಕಣ್ಣು ಮುಚ್ಚಿ ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ಆಳದಲ್ಲಿ ಸಣ್ಣಗೆ ಚಿರ್... ಚಿರ್...

ಸೊಸೆ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದಳು. ಮೂಗು ಎಳೆದುಕೊಂಡಳು. ಅದೂ ಕೇಳಿಸಿತು.

ಮನೆಗೆ ಬಂದ ಮೇಲೆ ಅಂದಳು: "ಒಂದು ವಾರ ಅರ್ಧರ್ಧ ದಿನ ಲ್ಯಾಬಿಗೆ ಹೋಗಿ ನೋಡ್ತೀನಿ. ಆಮೇಲೆ ಹೇಳ್ತೀನಿ."

ಆಗಸ್ಟ್ 5, ಮಧ್ಯಾಹ್ನ

ಹೋದಳು. ಚಪ್ಪಲಿ ಮೆಟ್ಟಿದವಳು ಮತ್ತೆ ಬಿಚ್ಚಿ ಒಳಗೆ ಬಂದು ಮಗುವನ್ನು ನೋಡಿ, ನನ್ನ ಕಿವಿಗಳನ್ನು ನೋಡಿ, ಹೋದಳು.

ಮಗು ಒಳಗೆ ಮಲಗಿದೆ. ಎದ್ದು ಎದ್ದು ನೋಡಿ ಬರುತ್ತಿದ್ದೇನೆ. ಭಯ ಇದೆ, ಇಲ್ಲ ಅನ್ನುವುದಿಲ್ಲ. ಸುಮ್ಮನಿರಲಾಗದೆ ಬರೆಯಲು ಕೂತೆ. ಫ್ರಿಜ್ಜು ಗುಂಯ್ ಅನ್ನುತ್ತಿದೆ. ಪೆನ್ನು ಕಾಗದದ ಮೇಲೆ ಸರಸರ ಹರಿಯುತ್ತಿದೆ. ಬರೆದದ್ದಕ್ಕೂ ಸದ್ದು ಇರುತ್ತದೆ ಅಂತ ಗೊತ್ತೇ ಇರಲಿಲ್ಲ. ಮೇಜಿನ ಕೆಳಗೆ ಗಡಿಬಿಡಿಯ ಉಸಿರು, ನಿದ್ದೆಯದ್ದು. ಇಷ್ಟೆಲ್ಲ ತುಂಬಿಕೊಂಡಿದ್ದ ಕೋಣೆಯನ್ನು ಖಾಲಿ ಅಂದುಕೊಂಡು ಕೂತಿರುತ್ತಿದ್ದೆನಲ್ಲ. ಸಂಜೆ ಅವಳು ಬಂದ ಕೂಡಲೆ ಹೇಳಬೇಕು, ಈ

ಇಬ್ಬರೂ ಒಟ್ಟಿಗೇ ತಿರುಗಿದೆವು. ಅಳು. ಗಡಿಬಿಡಿ ಮೊಣಕಾಲು ಮುಟ್ಟುವ ಮೊದಲೇ ನಾನು ಎದ್ದೆ—