ರಾಗಿಹುಲ್ಲಿನ ದಿಂಬು

ದೊಡ್ಡಬಳ್ಳಾಪುರ
೧೪-೮-೧೯೯೪

ಚಿರಂಜೀವಿ ವಾಣಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಕೈ ನೋವು, ಕೆಲಸ ಜಾಸ್ತಿ ಎಂದೆಲ್ಲ ನೆಪ ಹೇಳುವವಳು ನಾನಲ್ಲ. ಏನು ಬರೆಯಬೇಕೆಂದು ತಿಳಿಯದೆ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾವು ಕ್ಷೇಮ. ನಿನ್ನ ಮಾವನವರ ಮಂಡಿನೋವು ಹಾಗೇ ಇದೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದದ್ದರಿಂದ ಸೀರೆಗೆ ಬೇಡಿಕೆ ಹೆಚ್ಚು. ಕರೆಂಟು ಹೋದರೆ ಮಾತ್ರ ಮಗ್ಗಗಳಿಗೆ ಬಿಡುವು.

ವೇಣುವಿನ ವರ್ಷದ ಕಾರ್ಯ ಮುಗಿಸಿ ನೀನು ತವರಿಗೆ ಹೋದ ಮೇಲೆ ನಿನ್ನಿಂದ ಬಂದ ಮೊದಲ ಕಾಗದ ಅದು. ತ್ಯಾಮಗೊಂಡ್ಲಿನ ಹೊಲಿಗೆ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಲೇಸು ಹೆಣೆಯುವುದನ್ನು ಹೇಳಿಕೊಡಲು ನಿನ್ನನ್ನು ಕರೆದಿದ್ದಾರೆಂದು ಓದಿ ಸಂತೋಷವಾಯಿತು. ಸುಮ್ಮನೆ ಕುಳಿತ ಕೈ ಕೆಡುತ್ತದೆ. ಆದರೆ ಮಹಡಿಯ ಕೋಣೆಯಲ್ಲಿರುವ, ಸೂಜಿ ನೆಟ್ಟು ಲೇಸು ಹೆಣೆಯುವ ನಿನ್ನ ದಿಂಬನ್ನು ಅಣ್ಣನ ಕೈಯಲ್ಲಿ ಕಳಿಸಿಕೊಡಿ ಎಂದಿದ್ದೀಯೆ. ಅದನ್ನು ಕಳಿಸಲಾಗುವುದಿಲ್ಲ. ನೀನು ಅರ್ಧ ಹೆಣೆದ ಲೇಸು ಇನ್ನೂ ಅದರ ಮೇಲಿದೆ. ಬಸ್ಸಿನ ಕುಲುಕಾಟಕ್ಕೆ ಗುಂಡುಸೂಜಿಗಳು ಕಳಚಿಕೊಂಡರೆ ಹೆಣಿಗೆಯೆಲ್ಲ ಬಿಚ್ಚಿಹೋಗುತ್ತದೆ. ಹೊಸದು ಮಾಡಿಸುತ್ತಿದ್ದೇನೆ.

ದಿಂಬಿನ ಒಳ್ಳೆಯದು ಕೆಟ್ಟದ್ದು ಇವಳಿಗೇನು ಗೊತ್ತು ಎಂದುಕೊಳ್ಳಬೇಡ. ನಿನ್ನ ಹಾಗೆ ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಕಲಿತವಳಲ್ಲ, ನಿಜ. ಆದರೆ ಕೆಟ್ಟ ದಿಂಬುಗಳನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಮದುವೆಯ ಹೊಸತರಲ್ಲಿ ವೇಣು ಬೂರುಗದ ಹತ್ತಿ ತುಂಬಿಸಿ ತಂದ. ಸೂಜಿಗಳೆಲ್ಲ ಹೆಂಡ ಕುಡಿದವರ ಹಾಗೆ ವಾಲಿದವು. ನೀನು ನಕ್ಕೆ, ಅವನಿಗೆ ರೋಷ ಬಂತು. ಆಮೇಲೆ ಮರದ ಹೊಟ್ಟು ತುಂಬಿದ. ಸೂಜಿಗಳು ನಿಂತವು, ಹೊಟ್ಟು ನಿಲ್ಲಲಿಲ್ಲ. ಸೋರಿ ಸೋರಿ ನಮ್ಮ ಮನೆ ಬಡಗಿಯ ಮನೆಯಾಯಿತು. ಕೊನೆಗೆ ಸಾಸಲಿನಿಂದ ರಾಗಿಹುಲ್ಲು ತರಿಸಿ, ಬಿಸಿಲಿಗೆ ಒಣಗಿಸಿ, ಸಣ್ಣಗೆ ಕತ್ತರಿಸಿ, ಹಿಡಿಹಿಡಿಯಾಗಿ ಚೀಲಕ್ಕೆ ಹಾಕುತ್ತ ಮರದ ಕೊಡತಿಯಿಂದ ಜಡಿಯುತ್ತ ಕುಳಿತ.

"ಲೋ, ಆ ದಿಂಬು ನಿಂಗೇನೋ ಮಾಡ್ತು? ಹಂಗ್ಯಾಕೆ ಹೊಡೀತೀಯ?" ಎಂದೆ.

"ಇನ್ನೂ ಮೆತ್ತಗೈತೆ ಕಣಮ್ಮ. ನಿನ್ನಷ್ಟಾದ್ರೂ ಗಟ್ಟಿ ಆಗ್ಬೇಡ್ವಾ?" ಎಂದ.

ಬಾಗಿಲ ಹಿಂದೆ ನೀನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನನಗೆ ಕಾಣಲಿಲ್ಲವೆಂದುಕೊಂಡೆಯಾ?

ಮೊನ್ನೆ ಹಾಸಿಗೆ ಹೊಲಿಯುವ ಚಿಕ್ಕಬೀರಪ್ಪನ ಅಂಗಡಿಗೆ ಹೋಗಿ, ಕಲ್ಲಿನ ಹಾಗೆ ಗಟ್ಟಿಯಾದ ದಿಂಬು ಬೇಕೆಂದೆ.

"ಯಾರ ಮೇಲೆ ತಾಯಿ ಇಷ್ಟು ಕೋಪ? ತಲೆ ಇಟ್ಟೋರು ಮತ್ತೆ ಎದ್ದೇಳ್ಬಾರ್ದಾ?"

"ತಲೆ ಇಡೋಕಲ್ಲ ಕಣಯ್ಯ. ಗುಂಡುಸೂಜಿ ಚುಚ್ಚೋಕೆ."

ಅವನ ಕೈಯಲ್ಲಿದ್ದ ಕತ್ತರಿ ನಿಂತಿತು. "ಸೂಜಿ ಚುಚ್ಚೋಕಾ? ನಾನೂ ಮಕ್ಳೊಂದಿಗ ತಾಯಿ. ಮಾಟ ಮಂತ್ರದ ಸಾಮಾನು ನಮ್ಮಂಗ್ಡೀಲಿ ಹೊಲಿಯಲ್ಲ."

ನೀನು ನನ್ನ ರವಿಕೆಗೆ ಇಟ್ಟುಕೊಟ್ಟ ಲೇಸನ್ನು ತೋರಿಸಿದೆ. ದಿಂಬಿನ ಮೇಲೆ ಚುಕ್ಕಿಯ ಕಾಗದ ಇಟ್ಟು, ಚುಕ್ಕಿಗೊಂದು ಸೂಜಿ ನೆಟ್ಟು, ಅವುಗಳ ನಡುವೆ ನೂಲು ಸುತ್ತಿದ ಮರದ ಬಾಬಿನ್‌ಗಳನ್ನು ದಾಟಿಸುತ್ತ ಹೆಣೆಯುವುದೆಂದು ಬಿಡಿಸಿ ಹೇಳಿದ ಮೇಲೆ ಒಪ್ಪಿದ. ಆದರೂ ಅಳತೆ ಬರೆದುಕೊಳ್ಳುವ ಮುನ್ನ ದೇವರ ಪಟಕ್ಕೆ ಕೈಮುಗಿದ.

ಹೊಸ ದಿಂಬು ಕೈಗೆ ಬಂದಾಗ ನೀನೇ ಪರೀಕ್ಷೆ ಮಾಡು. ಸೂಜಿಯನ್ನು ಅರ್ಧ ಇಳಿಸಿ ಬೆರಳಿನಿಂದ ಮೀಟಿದರೆ ಅಲುಗಬಾರದು. ಕಿತ್ತರೆ ತೂತು ತಾನಾಗಿ ಕೂಡಿಕೊಳ್ಳಬೇಕು. ತೊಡೆಯಿಂದ ಜಾರದಷ್ಟು ತೂಕವಿರಬೇಕು. ಹಸಿಹುಲ್ಲಿನ ವಾಸನೆ ಬಂದರೆ ಮುಲಾಜಿಲ್ಲದೆ ಹಿಂದಿರುಗಿಸು. ಸೂಜಿ ತುಕ್ಕು ಹಿಡಿದು ಬಿಳಿ ನೂಲಿಗೆ ಕಲೆ ಕೂರುತ್ತದೆ. ನಮ್ಮ ಮಗ್ಗದ ಬಟ್ಟೆ ಎಷ್ಟು ಚೆನ್ನಾಗಿದ್ದರೂ ದಿಂಬಿನ ಗವಸಿಗಾಗದು, ಹೊಳಪಿಗೆ ಕಣ್ಣು ಸೋಲುತ್ತದೆ. ಒತ್ತಾಗಿ ನೇಯ್ದ ಕಡುನೀಲಿ ಹತ್ತಿಬಟ್ಟೆ ಕೊಟ್ಟು ಬಂದಿದ್ದೇನೆ.

ಇನ್ನೊಂದು ವಿಷಯ. ಬರೆಯಬಾರದೆಂದೇ ಇದ್ದೆ. ಮಗ್ಗಗಳು ಓಡುವಾಗ ಈ ಮನೆಯಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲವೆಂದು ನಿನಗೆ ಗೊತ್ತು. ಮಧ್ಯಾಹ್ನ ಕರೆಂಟು ಹೋದಾಗ ಒಮ್ಮೆಗೇ ಎಲ್ಲ ನಿಲ್ಲುತ್ತದೆ. ಆಗ ಮಹಡಿಯಿಂದ ಮರದ ಬಾಬಿನ್‌ಗಳು ಒಂದಕ್ಕೊಂದು ತಾಕುವ ಸದ್ದು ಬರುತ್ತದೆ. ಮೊದಲು ಕೇಳಿಸಿಕೊಂಡವಳು ಕೆಳಗೆ ನೂಲು ಸುತ್ತುವ ಲಕ್ಕಮ್ಮ.

"ದೊಡ್ಡಮ್ಮಾ, ವಾಣಮ್ಮ ಯಾವಾಗ ಬಂದ್ರು? ಹೇಳ್ಲೇ ಇಲ್ವಲ್ಲ," ಎಂದಳು.

"ಗಾಳಿ ಕಣೇ. ಕಿಟಕಿ ತೆಗೆದಿರ್ಬೇಕು," ಎಂದೆ.

ಹೋಗಿ ನೋಡಿದರೆ ಕಿಟಕಿ ಹಾಕಿತ್ತು. ಬಾಬಿನ್‌ಗಳು ಇಳಿಬಿದ್ದು ಅಲುಗದೆ ಇದ್ದವು. ನಿನ್ನ ಎದುರಿಗೆ ಕುಳಿತು ವೇಣು ನೂಲು ಸುತ್ತಿಕೊಡುತ್ತಿದ್ದನಲ್ಲ, ಆ ಚಾಪೆಯ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಎಂದುಕೊಂಡು ಇಳಿದು ಬಂದೆ. ಮೆಟ್ಟಿಲಿಳಿದ ಮೇಲೆ ನೆನಪಾಯಿತು, ಆ ಕೋಣೆಗೆ ಬಿಸಿಲು ಬರುವುದೇ ಇಲ್ಲ.

ನಿನ್ನ ಮಾವನವರು, "ಶಾಂತಿ ಮಾಡ್ಸಿ ಆ ದಿಂಬನ್ನ ಕೆರೆಗೆ ಬಿಟ್ಬಿಡಾನ ಕಣೇ," ಎಂದರು.

"ನನ್ನ ಮಗ ಏನು ಪೀಡೇನಾ?" ಎಂದೆ. ಮತ್ತೆ ಆ ಮಾತೆತ್ತಿಲ್ಲ. ಆದರೆ ಮಹಡಿ ಹತ್ತುವುದನ್ನು ಬಿಟ್ಟಿದ್ದಾರೆ, ಮಂಡಿಯ ನೆಪ ಹೇಳುತ್ತಾರೆ. ನನಗೆ ಭಯವಿಲ್ಲ. ಒಳ್ಳೆಯ ನಡತೆಯ ಹುಡುಗ, ಸತ್ತ ಮೇಲೆ ಕೆಟ್ಟವನಾಗುತ್ತಾನೆಯೇ? ಕರೆಂಟು ಹೋದಾಗ ಕೂಲಿಯವರನ್ನು ಕಾಫಿಗೆ ಕಳಿಸಿ ಮೆಟ್ಟಿಲ ಬುಡದಲ್ಲಿ ಕೂರುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಂದ ಬೆಳಕಿನಲ್ಲಿ ಹೆಣೆಯಬೇಡ. ನಿನ್ನ ಕೈಯಲ್ಲಿ ಕಲಿತ ಹುಡುಗಿಯರು ತಮ್ಮ ಕಾಲ ಮೇಲೆ ತಾವು ನಿಲ್ಲಲಿ. ದೇವರು ನಿನಗೆ ಆಯುಸ್ಸು, ನೆಮ್ಮದಿ ಎರಡನ್ನೂ ಕೊಡಲಿ.

ನಿನ್ನ ಅತ್ತೆ,
ಸಪ್ಪಲಮ್ಮ

ತಾ.ಕ.: ಬಸ್ಸು ಕುಲುಕುವುದೇನೋ ನಿಜ, ಆದರೆ ಹಳೆಯ ದಿಂಬು ಕೊಡುವುದಿಲ್ಲವೆಂದದ್ದು ಅದಕ್ಕಲ್ಲ. ನಿನಗೆ ನೆಲಮಂಗಲದ ಸಂಬಂಧ ಗಟ್ಟಿಯಾದ ವಿಷಯವನ್ನು ನಿನ್ನ ಅಣ್ಣ ರವಿಶಂಕರ್ ನಿನ್ನ ಮಾವನವರಿಗೆ ಬರೆದಿದ್ದಾನೆ. ಸೂಜಿ, ನೂಲು, ಬಾಬಿನ್ ಎಲ್ಲದರ ಬಗ್ಗೆ ಬರೆದ ನೀನು ಅದೊಂದನ್ನು ನನಗೆ ಬರೆಯಲಿಲ್ಲ. ನಾನು ಅಡ್ಡ ಬರುವವಳಲ್ಲ. ಈ ವಯಸ್ಸಿಗೆ ಗೋಡೆ ನೋಡಿಕೊಂಡು ಕೂರು ಎಂದು ಯಾರ ಮಗಳಿಗೂ ಹೇಳಲಾರೆ. ಮುಂದಿನ ಕಾಗದದಲ್ಲಿ ನಿನ್ನ ಹೆಸರಿಗೆ ಸೌಭಾಗ್ಯವತಿ ಎಂದು ಸೇರಿಸಬೇಕಾಗುತ್ತದೆ, ಸೇರಿಸುತ್ತೇನೆ. ಹೊಸ ದಿಂಬು ಹೊಸ ಮನೆಗೆ ಹೋಗಲಿ. ನನ್ನ ಮಗ ತುಂಬಿದ್ದು ಇನ್ನೊಬ್ಬರ ಮನೆಗೆ ಹೋಗುವುದು ಬೇಡ. ಅದರ ಹಿಂದೆ ಅವನೂ ಹೊರಟುಬಿಟ್ಟರೆ? ಹೊಸದನ್ನು ಒಯ್ಯಲು ಅಣ್ಣನನ್ನು ಕಳಿಸಬೇಡ, ನೀನೇ ಬಾ. ನಿನ್ನ ಕೈಹಿಡಿಯುವವರನ್ನೂ ಕರೆದುಕೊಂಡು ಬಾ. ಎಲೆ ಹಾಕಿ ಬಡಿಸುತ್ತೇನೆ, ಮುಖ ಗಂಟಿಕ್ಕುವುದಿಲ್ಲ. ಅವರು ಮಹಡಿ ಮಾತ್ರ ಹತ್ತದಿರಲಿ.