ತೊಟ್ಟಿಲ ಬಳಿ ಬಂದ ರಾಕ್ಷಸ

ಮನೆಯಿಂದ,
ಜುಲೈ 14, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ರಿಪೇರಿಗೆಂದು ಬಸ್ಸುಗಳ ಕೆಳಗೆ ಮಲಗಿ ಮಲಗಿ ನಿನ್ನ ಸೊಂಟ ಹಿಡಿದುಕೊಂಡಿದೆ ಎಂದು ಅತ್ತಿಗೆ ಹೇಳಿದ್ದರು. ಈಗ ಪರವಾಗಿಲ್ಲವೇ? ಡಿಪೋದವರು ತಾವಾಗಿ ನಿನ್ನನ್ನು ಬಿಡುವವರಲ್ಲ, ನೀನೇ ಒಂದು ವಾರ ರಜೆ ಹಾಕು. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮ ತೀರಿಹೋದ ಮೇಲೆ ಇಲ್ಲಿಗೆ ಬಂದ ಅಪ್ಪ ಈಗ ನಮ್ಮ ಮನೆಗೆ ಒಗ್ಗಿಕೊಂಡಿದ್ದಾರೆ. ನನ್ನ ಮಗಳಿಗೆ ಎಂಟು ತಿಂಗಳು ತುಂಬಿತು. ಎರಡು ಹಲ್ಲು ಬಂದಿವೆ, ಅವುಗಳ ಹರಿತವನ್ನು ನನ್ನ ಮೇಲೇ ಪರೀಕ್ಷಿಸುತ್ತಾಳೆ. ಅವಳು ಅತ್ತರೆ ನನಗೆ ನಿದ್ದೆಯಿಲ್ಲ. ಅಳದಿದ್ದರೆ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳಿಟ್ಟು ಕೂರುತ್ತೇನೆ, ಆಗಲೂ ನಿದ್ದೆಯಿಲ್ಲ. ಡಿಗ್ರಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. "ನೀನು ಇಣುಕಿ ಇಣುಕಿ ನೋಡಿದ್ದಕ್ಕೇ ಅದು ಎದ್ದಿದ್ದು ಕಣೆ" ಎಂದು ಅಪ್ಪ ಗೊಣಗುತ್ತಾರೆ.

ಕಳೆದ ವಾರ ಒಂದು ಕೆಲಸ ಮಾಡಿದೆ. ಅಪ್ಪ ಪ್ರೊಜೆಕ್ಟರ್ ಆಪರೇಟರ್ ಆಗಿದ್ದ ಟಾಕೀಸಿನ ಕ್ಯಾಬಿನ್ ಕಿಂಡಿಯಿಂದ ನಾವಿಬ್ಬರೂ ಕದ್ದು ನೋಡಿದ ಆ ಕೆರೆಯ ರಾಕ್ಷಸನ ಸಿನಿಮಾವನ್ನು ಕೊನೆಗೂ ಪೂರ್ತಿ ನೋಡಿದೆ. ಈಗ ಮೊಬೈಲಿನಲ್ಲೇ ಸಿಗುತ್ತದೆ. ಅಂದು ಎರಡು ವಾರಕ್ಕೇ ಮಲಗಿದ ಸಿನಿಮಾವನ್ನು ಈಗಿನ ಹುಡುಗರು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ, ರಾಕ್ಷಸನ ಮುಖವಿರುವ ಅಂಗಿ ತೊಟ್ಟು ತಿರುಗುತ್ತಾರೆ. ಮಧ್ಯಾಹ್ನ ಮಗಳು ಮಲಗಿದ ಹೊತ್ತಿನಲ್ಲಿ ತುಂಡು ತುಂಡಾಗಿ ನೋಡಿ ಮುಗಿಸಲು ನಾಲ್ಕು ದಿನ ಹಿಡಿಯಿತು. ರಾಕ್ಷಸನ ರಬ್ಬರ್ ಬೆನ್ನಿನಲ್ಲಿ ಜಿಪ್ ಕಾಣುತ್ತದೆ ಅಣ್ಣಾ. ಕೆರೆಯಿಂದ ಎದ್ದು ಬರುವಾಗ ಒಂದು ಪಾದ ಕಳಚಿ ಕೆಸರಲ್ಲೇ ಉಳಿಯುತ್ತದೆ, ಪುಣ್ಯಾತ್ಮ ಕುಂಟುತ್ತಲೇ ಊರೊಳಗೆ ಬರುತ್ತಾನೆ. ಮಗಳು ಎದ್ದಾಳೆಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ನಗು ನಿಂತದ್ದು ತೊಟ್ಟಿಲ ದೃಶ್ಯದಲ್ಲಿ. ನನ್ನ ನೆನಪಿನಲ್ಲಿ ಇದ್ದದ್ದು ಹೀಗೆ: ರಾಕ್ಷಸ ತೊಟ್ಟಿಲ ಮೇಲೆ ಬಗ್ಗುತ್ತಾನೆ, ಮಗು ಅವನ ಮೂಗು ಹಿಡಿದು ನಗುತ್ತದೆ, ಅವನು ನಾಚಿಕೊಂಡು, ಬಂದ ದಾರಿಗೆ ಸುಂಕವಿಲ್ಲವೆಂದು ಕೆರೆಗೆ ಹಿಂದಿರುಗುತ್ತಾನೆ. ಇದನ್ನು ಕಾಲೇಜಿನ ಗೆಳತಿಯರಿಗೂ ನಮ್ಮವರಿಗೂ ಎಷ್ಟು ಸಲ ಹೇಳಿದ್ದೇನೋ. ಸಿನಿಮಾದಲ್ಲಿ ಹಾಗಿಲ್ಲ. ತೊಟ್ಟಿಲು ತೂಗುತ್ತಿರುತ್ತದೆ, ಒಳಗೆ ಮಗುವಿಲ್ಲ, ತಾಯಿ ಬಾಗಿಲಲ್ಲಿ ನಿಂತಿರುತ್ತಾಳೆ. ಮೊಬೈಲನ್ನು ಬೋರಲು ಹಾಕಿ ಮಗಳ ಪಕ್ಕ ಹೋಗಿ ಕೂತೆ. ಆಮೇಲೆ ಹೊಳೆಯಿತು, ನಾನು ಆ ದೃಶ್ಯವನ್ನು ನೋಡಿಯೇ ಇರಲಿಲ್ಲ. ಮಷೀನ್ ಎಣ್ಣೆ ವಾಸನೆಯ ನಿನ್ನ ಅಂಗೈ ನನ್ನ ಕಣ್ಣ ಮೇಲಿತ್ತು. ನೀನು ಕಿವಿಯಲ್ಲಿ ಹೇಳುತ್ತಿದ್ದೆ, "ಮಗು ಅವನ ಮೂಗು ಹಿಡ್ಕೊಂಡ್ಬಿಡ್ತು. ಪಾಪ, ನಾಚ್ಕೊಂಡ ಕಣೆ ಮೊಂಡಿ."

ಆಮೇಲಿನದು ನಿನಗೂ ಮರೆತಿರಲಾರದು. ನನಗೆ ಏಳು, ನಿನಗೆ ಹದಿನಾರು. ಅಪ್ಪ ಊಟಕ್ಕೆ ಇಳಿಯುವಾಗ ಎರಡೂ ಪ್ರೊಜೆಕ್ಟರುಗಳನ್ನು ನಿನಗೆ ಒಪ್ಪಿಸಿ, "ಇವಳು ಕಿಂಡಿ ಹತ್ರ ಬರಕೂಡದು" ಎಂದಿದ್ದರು. ನಾನು ಹಟ ಹಿಡಿದೆ, ನೀನು ರೀಲ್ ಡಬ್ಬಿಗಳ ಮೇಲೆ ನಿಲ್ಲಿಸಿದೆ. ಪರದೆಯ ಮೂಲೆಯಲ್ಲಿ ಮೊದಲ ಚುಕ್ಕೆ ಕಂಡಾಗ ಎರಡನೇ ಮಷೀನ್ ಚಾಲೂ ಮಾಡಬೇಕು, ಮುಂದಿನ ಚುಕ್ಕೆಗೆ ಹಿಡಿ ಎಳೆದು ಚಿತ್ರವನ್ನು ಅದಕ್ಕೆ ದಾಟಿಸಬೇಕು; ನೀನು ಒಂದು ಸಲವೂ ತಪ್ಪಿದವನಲ್ಲ. ಅಂದು ಮೊದಲ ಚುಕ್ಕೆಗೆ ಮಷೀನ್ ಚಾಲೂ ಮಾಡಿದೆ, ಅಷ್ಟರಲ್ಲಿ ತೊಟ್ಟಿಲು ಬಂತು, ನೀನು ನನ್ನ ಕಣ್ಣು ಮುಚ್ಚಲು ತಿರುಗಿದೆ, ಮುಂದಿನ ಚುಕ್ಕೆ ತಪ್ಪಿಹೋಯಿತು. ರೀಲು ಮುಗಿದು ಪರದೆ ಬೆಳ್ಳಗಾಯಿತು. ಶಿಳ್ಳೆ, ಕುರ್ಚಿ ಬಡಿತ, ಎಂಜಲು ಕೈಯಲ್ಲೇ ಓಡಿಬಂದ ಅಪ್ಪ, ಅವರ ಹಿಂದೆ ಏಕವಚನದಲ್ಲಿ ಬೈಯುತ್ತ ಬಂದ ಮ್ಯಾನೇಜರು. ಏನಾಯಿತೆಂದು ಅಪ್ಪ ಕೇಳಿದ್ದು ನನ್ನನ್ನು. ಅಷ್ಟರಲ್ಲಿ ಡಬ್ಬಿಯಿಂದ ಇಳಿದು ಪುಸ್ತಕ ಹಿಡಿದಿದ್ದ ನಾನು, "ಅಣ್ಣ ನಿದ್ದೆ ಮಾಡ್ತಿದ್ದ" ಎಂದೆ. ನೀನು ನನ್ನನ್ನೊಮ್ಮೆ ನೋಡಿ, "ಹೌದಪ್ಪ, ಕಣ್ಣು ಹತ್ಬಿಡ್ತು" ಎಂದೆ.

ಏಟು ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಅದು. ಫಿಲ್ಮು ಮಷೀನಿನಲ್ಲಿ ಸಿಕ್ಕಿಕೊಂಡರೆ ದೀಪದ ಕಾವಿಗೆ ಸುಟ್ಟುಹೋಗುತ್ತದೆ, ಆಪರೇಟರಿಗೆ ನಿದ್ದೆಗಿಂತ ದೊಡ್ಡ ಪಾಪವಿಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಅಪ್ಪ ಕ್ಯಾಬಿನ್ ಬೀಗದ ಕೈಯನ್ನು ನಿನ್ನಿಂದ ಕಿತ್ತುಕೊಂಡರು. ಮರುವರ್ಷ ನೀನು ಮನೆ ಬಿಟ್ಟು ಡಿಪೋ ಸೇರಿದೆ. ಅಂದಿನಿಂದ ನಿಮ್ಮಿಬ್ಬರ ಮಾತೆಲ್ಲ ನನ್ನ ಮೂಲಕ: "ಅವನಿಗೆ ಹೇಳು", "ಅವರಿಗೆ ಹೇಳು". ಅಮ್ಮ ಹೋದ ದಿನವೂ ಹಾಗೆಯೇ. "ಏನಂತಾನೆ ನಿಮ್ಮ ನಿದ್ದೆರಾಯ?" ಎಂದು ಅಪ್ಪ ಕೇಳಿದಾಗಲೆಲ್ಲ ನಾನು ನಕ್ಕು ಸುಮ್ಮನಾಗಿದ್ದೇನೆ. ಹೇಗೂ ರೀಲುಗಳ ಕಾಲ ಮುಗಿಯಿತು, ಟಾಕೀಸೂ ಮುಚ್ಚಿತು, ನೀನು ಆಪರೇಟರ್ ಆಗಿದ್ದರೂ ಬೇರೆ ಕೆಲಸ ಹುಡುಕಬೇಕಾಗುತ್ತಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೂ ಉಂಟು. ಈಗ ಆ ಸಮಾಧಾನ ಒಪ್ಪುತ್ತಿಲ್ಲ. ನಿನ್ನ ಕೆಲಸಕ್ಕಿಂತ ಹೆಚ್ಚಾಗಿ ನಿನ್ನ ಅಪ್ಪನನ್ನು ನಾನು ಕಿತ್ತುಕೊಂಡೆ. ಕ್ಷಮಿಸು ಎಂದು ಬರೆಯಲು ಇಷ್ಟು ವರ್ಷ ಬೇಕಾಯಿತು. ಫೋನಿನಲ್ಲಿ ನಾಲಿಗೆ ಏಳುವುದಿಲ್ಲ, ಅದಕ್ಕೇ ಕಾಗದ.

ಅತ್ತಿಗೆಗೆ ನನ್ನ ನಮಸ್ಕಾರ. ಮಕ್ಕಳಿಬ್ಬರಿಗೂ ಅತ್ತೆಯ ಮುತ್ತುಗಳು. ದೊಡ್ಡವನು ನಾಚಿಕೊಂಡರೆ ಅವನದನ್ನೂ ಚಿಕ್ಕವಳಿಗೇ ಕೊಡು.

ನಿನ್ನ ತಂಗಿ,
ಮೊಂಡಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು, "ಕಣ್ಣು ಮುಚ್ಚೋಕೆ ಒಂದು ಕೈ ಸಾಕಾಗಿತ್ತಲ್ಲ. ಇನ್ನೊಂದರಲ್ಲಿ ಹಿಡಿ ಎಳೀಬಹುದಿತ್ತು" ಎಂದರು. ಆ ಇನ್ನೊಂದು ಕೈಯನ್ನು ನಾನು ನನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ ಎಂದೆ. ಅವರು ಎದ್ದು ಕೋಣೆಗೆ ಹೋದರು. ಈಗ ಬಂದು, ನಿನಗೆ ಡಿಪೋ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳುತ್ತಿದ್ದಾರೆ. ಈಗಲೇ ಫೋನ್ ಮಾಡಿಕೊಡಲೇ ಎಂದರೆ, "ಬೇಡ, ಮೊದಲು ಅವನು ಕಾಗದ ಓದಲಿ" ಎನ್ನುತ್ತಾರೆ. ಟಪಾಲು ತಲುಪುವ ದಿನವನ್ನು ಬೆರಳಲ್ಲಿ ಎಣಿಸುತ್ತ ಕೂತಿದ್ದಾರೆ. ಗುರುವಾರ ಸಂಜೆ ನನ್ನ ನಂಬರಿನಿಂದ ಫೋನ್ ಬಂದರೆ ಮಾತಾಡುವುದು ನಾನಲ್ಲ. ಎತ್ತಿಕೋ ಅಣ್ಣಾ.