ಎಗ್ಬರ್ಟನ ಕೊನೆಯ ಸೀಟಿ

ಲಿಮೋನ್, ಆಗಸ್ಟ್ ೧೪

ಪ್ರೀತಿಯ ಮಗಳು ಡೊರೀನ್‌ಗೆ,

ಹಡಗಿನ ಅಡುಗೆಮನೆಯ ಹಬೆಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ? ಶುಂಠಿ ಕಷಾಯ ಬಿಡಬೇಡ. ನನ್ನ ಮಂಡಿ ಮೊದಲಿನಂತೆಯೇ ಇದೆ, ನಾಲಿಗೆಯೂ ಅಷ್ಟೇ. ಶನಿವಾರದ ಪ್ರಸಂಗಕ್ಕೆ ತಗುಲಿದ ವೆಚ್ಚವನ್ನು ಮೊದಲು ಹೇಳಿಬಿಡುತ್ತೇನೆ: ಎರಡು ಬುಟ್ಟಿ ಖಾರದ ಕಡುಬು, ಶಾಲೆಯ ಒಂದು ಕಿಟಕಿ ಗಾಜು, ಪಾದ್ರಿ ಲೆಸ್ಟರರ ಅರ್ಧ ಮರ್ಯಾದೆ. ಹೊರ್ಟೆನ್ಸ್ ಜೊತೆಗಿನ ನನ್ನ ಸ್ನೇಹವೂ ಹೋಗಿತ್ತು. ಸಂಜೆಯೊಳಗೆ ವಾಪಸು ಬಂದದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಅವಳ ಗಂಡ ಎಗ್ಬರ್ಟ್, ನಮ್ಮೂರ ಫುಟ್‌ಬಾಲ್ ರೆಫರಿ, ತೀರಿಕೊಂಡದ್ದನ್ನು ಬರೆದಿದ್ದೆನಲ್ಲ. ಹಾಡಿ, ಉಂಡು ಅವನ ಆತ್ಮವನ್ನು ಕಳಿಸಿಕೊಡುವ ಒಂಬತ್ತನೇ ರಾತ್ರಿ ಶನಿವಾರ ಬಿತ್ತು. ಅದೇ ದಿನ ನಾಲ್ಕು ಗಂಟೆಗೆ ಹುಡುಗಿಯರ ಫುಟ್‌ಬಾಲ್ ಫೈನಲ್. ನಮ್ಮ ಶಾಲೆಯ ಗೋಲು ಕಾಯುವವಳು ನಿನ್ನ ಮಗಳು ಯಾಡಿರಾ. ಅವಳನ್ನು ನೋಡಲೆಂದೇ ರಾಜಧಾನಿಯ ಕ್ರೀಡಾಶಾಲೆಯಿಂದ ಒಬ್ಬ ಮೇಡಂ ಬರುವವರಿದ್ದರು. ಎರಡಕ್ಕೂ ಇರುವುದು ಶಾಲೆಯ ಪಕ್ಕದ ಅದೊಂದೇ ಸಿಮೆಂಟು ಅಂಗಳ. ಬೀಗದ ಕೈ ಪಾದ್ರಿಗಳ ಬಳಿ. ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಯಾರಿಗೂ ‘ಇಲ್ಲ’ ಅಂದವರಲ್ಲ; ಇಬ್ಬರಿಗೂ ‘ಆಗಲಿ’ ಅಂದುಬಿಟ್ಟು ಊರಿನವರ ಬಾಯಿಗೆ ಬಿದ್ದರು.

ಬೆಳಿಗ್ಗೆ ಹೋಗಿ ನೋಡಿದರೆ ಅಂಗಳದ ನಡುವೆ ಹೊರ್ಟೆನ್ಸ್ ಟಾರ್ಪಾಲು ಕಟ್ಟಿಸಿ, ರಾತ್ರಿಯಿಡೀ ಎದ್ದು ಕೂರುವವರಿಗೆ ಡಾಮಿನೋ ಆಡುವ ಮೇಜು ಹಾಕಿಸುತ್ತಿದ್ದಾಳೆ. ಅಂಗಳ ಸಿಗದಿದ್ದರೆ ಆಡದೆಯೇ ಸೋತಂತೆ. ಯಾಡಿರಾ ಗ್ಲೌಸು ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಅಳಲಿಲ್ಲ, ಅದೇ ನನಗೆ ಸಂಕಟ. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಹೊರ್ಟೆನ್ಸ್ ಮೇಲೆ ಬಿದ್ದಳು: “ಫೈನಲ್ ವರ್ಷಾವರ್ಷ ಬರುತ್ತೆ ಕಣೇ ಮಿನ್ನಾ, ನನ್ನ ಗಂಡ ಸಾಯೋದು ಒಂದೇ ಸಲ!” ಮಾತು ನ್ಯಾಯವೇ. ಆದರೆ ಕಡುಬು ವ್ಯಾಪಾರದಲ್ಲಿ ನಾನು ಕಲಿತದ್ದು ಒಂದು: ಎದುರಿನವರಿಗೆ ಯಾವುದು ಬೇಡವೋ ಅದನ್ನು ಮೊದಲು ತೋರಿಸಬೇಕು. “ಈವತ್ತು ರಾತ್ರಿ ಅವನ ಆತ್ಮ ಹೊರಡಬೇಕು ತಾನೆ?” ಅಂದೆ. “ಜನ್ಮವೆಲ್ಲ ಕೊನೇ ಸೀಟಿ ಊದದೆ ಅಂಗಳ ಬಿಟ್ಟವನಲ್ಲ ನಿನ್ನ ಎಗ್ಬರ್ಟ್. ಆಟಾನೇ ಇಲ್ಲ ಅಂದ್ರೆ ಎಲ್ಲಿಗೆ ಹೋಗ್ತಾನೆ? ಬಂದು ನಿನ್ನ ಸೋಫಾ ಮೇಲೇ ಕೂರ್ತಾನೆ, ನೋಡ್ತಿರು.”

ಹೊರ್ಟೆನ್ಸ್ ಟಾರ್ಪಾಲಿನ ಕಡೆ ನೋಡಿದಳು, ಮನೆಯ ಕಡೆ ನೋಡಿದಳು. “ಅಯ್ಯೋ, ಇದ್ದಾಗಲೇ ಸಾಕಾಗಿತ್ತು,” ಅಂದವಳೇ ಹಗ್ಗ ಬಿಚ್ಚಿಸಿದಳು. ಒಂದೇ ಷರತ್ತು: ರೆಫರಿ ಊದಬೇಕಾದ್ದು ಎಗ್ಬರ್ಟನ ಸೀಟಿಯನ್ನೇ.

ಹೀಗಾಗಿ ಬಿಳಿ ಬಟ್ಟೆಯ ನೆಂಟರಿಷ್ಟರೆಲ್ಲ ನಮ್ಮ ಪ್ರೇಕ್ಷಕರಾದರು. ನಡುವಿನ ಬಿಡುವಿನಲ್ಲಿ ಸ್ತುತಿಗೀತೆ ಹಾಡಿ, ನನ್ನ ಕಡುಬು ತಿಂದು, ಆಟ ಶುರುವಾದ ಕೂಡಲೇ ರೆಫರಿಯ ವಂಶವನ್ನೆಲ್ಲ ಬೈದರು. ಒಂದು–ಸೊನ್ನೆ ನಾವು ಮುಂದಿದ್ದಾಗ ಕೊನೆಯಲ್ಲಿ ಎದುರು ತಂಡಕ್ಕೊಂದು ಪೆನಾಲ್ಟಿ. ಯಾಡಿರಾ ಎಡಕ್ಕೆ ಹಾರಿ ಗುದ್ದಿದ ಹೊಡೆತಕ್ಕೆ ಚೆಂಡು ಹೋಗಿ ಐದನೇ ಕ್ಲಾಸಿನ ಕಿಟಕಿಗೆ ಬಿತ್ತು. ಮೊದಲು ಹೇಳಿದ ಗಾಜು ಅದೇ. ಎಗ್ಬರ್ಟನ ಸೀಟಿ ಕೊನೆಯ ಸಲ ಉದ್ದಕ್ಕೆ ಕೂಗಿತು. ಎಲ್ಲರೂ ಕುಣಿಯುತ್ತಿದ್ದರೆ ಹೊರ್ಟೆನ್ಸ್ ಮಾತ್ರ ಸಮುದ್ರದ ಕಡೆ ತಿರುಗಿ, “ಹೋದ,” ಅಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಹಡಗನ್ನೂ ನಿನ್ನನ್ನೂ ನೀರಿನ ಮೇಲೇ ಇಟ್ಟಿರಲಿ.

ನಿನ್ನ ಅಮ್ಮ,
ವಿಲ್ಹೆಲ್ಮೀನಾ

ಮರೆತಿದ್ದೆ: ಆ ಮೇಡಂ ಯಾಡಿರಾಳನ್ನು ಆರಿಸಿದ್ದಾರೆ. ಸೋಮವಾರ ರಾಜಧಾನಿಯ ಬಸ್ಸು, ಅಲ್ಲೇ ಊಟ, ವಸತಿ. ತಾಯಿಯ ಸಹಿ ಕೇಳಿದರು. ನಿನ್ನ ಹೆಸರನ್ನು ನಾನೇ ಬರೆದೆ. ಅದನ್ನು ಬರೆಯಲು ನಿನಗೆ ಕಲಿಸಿದವಳು ನಾನೇ ಅಲ್ಲವೇ? ಬೈಯುವುದಿದ್ದರೆ ನನ್ನನ್ನು ಬೈ, ಅವಳಿಗೆ ಮಾತ್ರ ‘ಹೋಗು’ ಅಂತ ನಿನ್ನ ಕೈಯಾರೆ ಒಂದು ಸಾಲು ಬರೆ. ಈಗ ಯಾರಿಗೆ ಏನು ಸಿಕ್ಕಿತು ಅಂದರೆ: ಶಾಲೆಗೆ ಗೆದ್ದ ಕಪ್, ಎಗ್ಬರ್ಟನಿಗೆ ದಾರಿ, ಹೊರ್ಟೆನ್ಸ್‌ಗೆ ಖಾಲಿ ಸೋಫಾ, ಪಾದ್ರಿಗಳಿಗೆ ಇನ್ನು ಮೇಲಾದರೂ ‘ಇಲ್ಲ’ ಅನ್ನುವ ಬುದ್ಧಿ, ಯಾಡಿರಾಗೆ ಹುಲ್ಲಿನ ಮೈದಾನ. ನನಗೆ, ಅವಳು ಬಿಟ್ಟುಹೋಗುತ್ತಿರುವ ಹಳೇ ಗ್ಲೌಸು. ಬಿಸಿ ಬಾಣಲೆ ಹಿಡಿಯಲು ಚೆನ್ನಾಗಿವೆ.